ದವಡೆಗೆ ಲೇಸರ್ ಬೆಳಕು

ಕಳೆದ ತಿಂಗಳು ಸಂಘದ ಊಟದ ಪಂಕ್ತಿಯಲ್ಲಿ ಬೇಗಂಪೇಟೆಯ ಸದಸ್ಯೆಯೊಬ್ಬರು ಕೇಳಿದರು: “ಡಾಕ್ಟ್ರೇ, ಲೇಸರ್ ಬಿಟ್ಟರೆ ದವಡೆ ಬೆಳೆಯುತ್ತದಂತೆ, ನಿಜವೇ? ನಮ್ಮ ಹುಡುಗಿಗೆ ಹನ್ನೊಂದು. ಮೇಲಿನ ಹಲ್ಲು ಮುಂದೆ, ಗದ್ದ ಹಿಂದೆ. ಪ್ಲೇಟಿನ ಗೋಜೇಕೆ, ಎರಡು ವರ್ಷ ಕಾದು ಲೇಸರನ್ನೇ ಮಾಡಿಸೋಣ ಅಂತಿದ್ದೇವೆ.”

ಆ ‘ಕಾದು’ ಎಂಬ ಮಾತಿಗಾಗಿಯೇ ಈ ಸಲದ ಅಂಕಣ.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಒಳಗೆ ಅಲುಗುವುದು ಕೆಳದವಡೆಯ ತುದಿ. ಬೆಳೆಯುವ ಮಕ್ಕಳಲ್ಲಿ ಆ ತುದಿಯ ಮೇಲೆ ಮೃದ್ವಸ್ಥಿಯ ಟೊಪ್ಪಿಗೆಯಿರುತ್ತದೆ. ಅದು ಮೇಲೆ ಹೊಸ ಜೀವಕೋಶ ಹುಟ್ಟಿಸುತ್ತ, ಕೆಳಗೆ ಮೂಳೆಯಾಗುತ್ತ ಹೋಗುತ್ತದೆ. ಹುಡುಗಿಯರಲ್ಲಿ ಸುಮಾರು 10ರಿಂದ 12, ಹುಡುಗರಲ್ಲಿ 12ರಿಂದ 14ರ ವಯಸ್ಸಿನಲ್ಲಿ ಬೆಳವಣಿಗೆಯ ರಭಸ ಹೆಚ್ಚು. ಆಮೇಲೆ ಇಳಿಮುಖ.

ಲೇಸರಿನ ಕಥೆ ಶುರುವಾದದ್ದು ಕೂದಲಿನಿಂದ! 1967ರಲ್ಲಿ ಬುಡಾಪೆಸ್ಟಿನ ಎಂಡ್ರೆ ಮೆಸ್ಟರ್, ಲೇಸರಿನಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ಇಲಿಮರಿಗಳ ಬೆನ್ನು ಬೋಳಿಸಿ ಬೆಳಕು ಬಿಟ್ಟರು. ಕ್ಯಾನ್ಸರ್ ಬರಲಿಲ್ಲ, ಕೂದಲು ಬೇಗ ಬೆಳೆಯಿತು. ಈ ಮಂದ ಬೆಳಕು ಸುಡುವುದಿಲ್ಲ, ಕೊಯ್ಯುವುದಿಲ್ಲ. ಜೀವಕೋಶದ ಶಕ್ತಿ ಉತ್ಪಾದನೆಯನ್ನು ಚುರುಕುಗೊಳಿಸುತ್ತದೆ ಎನ್ನುತ್ತಾರೆ. ಮುಂದೆ ಇಲಿ, ಮೊಲಗಳ ದವಡೆಯ ತುದಿಗೂ ಬಿಟ್ಟು ನೋಡಿದರು. ಕೆಲವು ಪ್ರಯೋಗಗಳಲ್ಲಿ ಮೃದ್ವಸ್ಥಿ ದಪ್ಪವಾಗಿ ಹೊಸ ಮೂಳೆ ಹೆಚ್ಚಿತು.

ಆದರೆ ಇಲಿಯ ದವಡೆಯೇ ಹೆಬ್ಬೆರಳಿನಷ್ಟಿಲ್ಲ. ಬೆಳಕು ಸಲೀಸಾಗಿ ಒಳಹೊಗುತ್ತದೆ. ಮಗುವಿನಲ್ಲಿ ಚರ್ಮ, ಕೊಬ್ಬು, ಸ್ನಾಯು ದಾಟಬೇಕು. ಎಷ್ಟು ಪ್ರಮಾಣ, ಎಷ್ಟು ದಿನ ಎಂಬುದೂ ಇತ್ಯರ್ಥವಾಗಿಲ್ಲ. ಬೇಗಂಪೇಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಹಳೆಯ ವಿಮಾನ ನಿಲ್ದಾಣದ ಬಳಿಯ ಕಟ್ಟಡದಲ್ಲೇ ರೊನಾಲ್ಡ್ ರಾಸ್ 1897ರಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಜೀವಿಯನ್ನು ಕಂಡದ್ದು. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳಿಂದ ಹಕ್ಕಿಗಳಿಗೆ ಸೊಳ್ಳೆ ರೋಗ ಹರಡುವುದನ್ನು ತೋರಿಸಿದರು. ಮನುಷ್ಯರಲ್ಲೂ ಹಾಗೆಯೇ ಎಂದು ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು ಬೇರೆಯಾಗಿಯೇ ತೋರಿಸಬೇಕಾಯಿತು. ದವಡೆಯ ಲೇಸರ್ ಇನ್ನೂ ‘ಹಕ್ಕಿ’ಯ ಹಂತದಲ್ಲಿದೆ.

ಪ್ಲೇಟುಗಳದ್ದು ಹಾಗಲ್ಲ. ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ 1977ರಲ್ಲಿ ರೂಪಿಸಿದ ಟ್ವಿನ್ ಬ್ಲಾಕ್ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುತ್ತದೆ. ಅದರಿಂದ ದವಡೆ ಮೊಳದುದ್ದ ಬೆಳೆಯುವುದಿಲ್ಲ; ಮೂಳೆಯ ಲಾಭ ಕೆಲವೇ ಮಿಲಿಮೀಟರು, ಉಳಿದದ್ದು ಹಲ್ಲು ಸರಿದದ್ದು. ಆದರೂ ಮುಂಚಾಚಿದ ಹಲ್ಲು ಒಳಗೆ ಬಂದರೆ ಬಿದ್ದು ಮುರಿಯುವ ಭಯ ಕಡಿಮೆ. ಬೆಳೆಯುವ ವಯಸ್ಸು ದಾಟಿದರೆ ಈ ದಾರಿಯೂ ಕಿರಿದಾಗುತ್ತದೆ. ದವಡೆಯನ್ನೇ ಮುಂದೆ ತರಬೇಕೆಂದರೆ ಆಗ ಶಸ್ತ್ರಚಿಕಿತ್ಸೆ.

ಆಕೆಯ ಯಜಮಾನರು ಪಾಯಸ ಮುಗಿಸಿ ಕೇಳಿದರು: “ಪ್ಲೇಟು ಹಾಕಿಕೊಂಡೇ ಊಟ ಮಾಡಬೇಕಂತೆ, ಹೇಗೆ?” ಮೊದಲ ವಾರ ಅಗಿಯುವುದು ಕಷ್ಟ, ಮೆತ್ತನೆಯದು ಕೊಡಿ ಎಂದೆ. ಮಂಡ್ಯದವರು ನೀವು, ಮುದ್ದೆ ಯಾರು ಅಗಿಯುತ್ತಾರೆ?