ಆ ದಿನ, ಆ ಹಾಡು: ಸೆಪ್ಟೆಂಬರ್ 17

ಆಗಸ್ಟ್ ಹದಿನೈದಕ್ಕೆ ಏರಿಸಿದ ಧ್ವಜವನ್ನು ಮಡಿಸಿ ಕಪಾಟಿನಲ್ಲಿಟ್ಟು ತಿಂಗಳು ಕಳೆದಿರುತ್ತದೆ ಅಷ್ಟೆ, ಶಿರೂರ ಅನಂತಪಾಳದ ಕಡೆಯ ಶಾಲೆಗಳಲ್ಲಿ ಅದನ್ನು ಮತ್ತೆ ಹೊರತೆಗೆಯುತ್ತಾರೆ. ಸೆಪ್ಟೆಂಬರ್ 17ರಂದು ಪುಣೆಯಲ್ಲೋ ನಾಗಪುರದಲ್ಲೋ ಇರುವವರಿಗೆ ಇದು ಎಲ್ಲ ದಿನಗಳಂತೆ ಒಂದು ದಿನ. ಉಮರ್ಗಾ, ನಿಲಂಗಾ, ಉದಗೀರದವರಿಗೆ ಹಾಗಲ್ಲ. ಮರಾಠವಾಡಕ್ಕೆ ಇದು ಮುಕ್ತಿ ಸಂಗ್ರಾಮ ದಿನ. ಗಡಿ ದಾಟಿ ಭಾಲ್ಕಿಗೋ ಬಸವಕಲ್ಯಾಣಕ್ಕೋ ಬಂದರೆ ಅಲ್ಲಿಯೂ ಅದೇ ಹೊತ್ತಿಗೆ ಅದೇ ಧ್ವಜ ಏರುತ್ತದೆ. ಅಲ್ಲಿ ಅದಕ್ಕೆ ವಿಮೋಚನಾ ದಿನವೆಂದು ಹೆಸರಿತ್ತು, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವವೆಂದು ಕರೆಯುತ್ತಾರೆ. ಹಾಡು ಮಾತ್ರ ಬೇರೆ. ಆಚೆ 2004ರಲ್ಲಿ ನಾಡಗೀತೆಯಾದ ಕುವೆಂಪು ಅವರ ಗೀತೆ, ಈಚೆ 2023ರಲ್ಲಿ ಮಹಾರಾಷ್ಟ್ರದ ರಾಜ್ಯಗೀತೆಯಾದ ರಾಜಾ ಬಢೆ ಅವರ ಗೀತೆ. ಮನೆಯಲ್ಲಿ ಕನ್ನಡ ಮಾತನಾಡುವ ಮಕ್ಕಳು ಶಾಲೆಯ ಅಂಗಳದಲ್ಲಿ ಮರಾಠಿಯ ಗೀತೆಯನ್ನು ಚೆನ್ನಾಗಿಯೇ ಹಾಡುತ್ತಾರೆ. ಅದರಲ್ಲಿ ಬೇಸರಪಡುವಂಥದ್ದೇನೂ ನಮಗೆ ಕಾಣುವುದಿಲ್ಲ.

ಒಂದು ತಾರೀಕನ್ನು ಹಿಡಿದು ಅಂದು ನಡೆದದ್ದನ್ನೂ ಅದಕ್ಕೆ ಸೇರಿದ ಹಾಡುಗಳನ್ನೂ ನೋಡುವುದು ನಮ್ಮ ಈ ಅಂಕಣದ ರೂಢಿ. ಈ ಸಲದ ತಾರೀಕಿನಲ್ಲಿ ಹಾಡಿದ್ದಕ್ಕಿಂತ ಹಾಡಲು ಬಿಡದಿದ್ದದ್ದೇ ಹೆಚ್ಚಾಗಿ ಸಿಕ್ಕಿತು.

ದೇಶಕ್ಕೆ ಸ್ವಾತಂತ್ರ್ಯ ಬಂದದ್ದು 1947ರಲ್ಲಿ. ನಿಜಾಮರ ಹೈದರಾಬಾದ್ ಸಂಸ್ಥಾನದ ಜನ ಮತ್ತೆ ಹದಿಮೂರು ತಿಂಗಳು ಕಾಯಬೇಕಾಯಿತು. ಕಾಸಿಂ ರಜ್ವಿಯ ರಜಾಕಾರರ ಹಾವಳಿ ಹೆಚ್ಚಿದ ಕಾಲ ಅದು. ಈ ರಜ್ವಿ ಲಾತೂರಿನಲ್ಲಿ ವಕೀಲಿಕೆ ಮಾಡುತ್ತಿದ್ದವನು. ಬಸವಕಲ್ಯಾಣದ ಹತ್ತಿರದ ಗೋರಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಕೊಲೆಯಾದರೆಂದು ಇಂದಿಗೂ ನೆನೆಯುತ್ತಾರೆ. ಸೆಪ್ಟೆಂಬರ್ 13ರಂದು ಭಾರತದ ಸೇನೆ ಸೊಲ್ಲಾಪುರದ ಕಡೆಯಿಂದ ಗಡಿ ದಾಟಿ ನಳದುರ್ಗವನ್ನು ಹಿಡಿಯಿತು. ಆ ರಾತ್ರಿ ದಂಡು ಇಳಿದದ್ದು ಉಮರ್ಗಾದಲ್ಲಿ. ಮರುದಿನ ರಾಜೇಶ್ವರ, ಆಮೇಲೆ ಜಹೀರಾಬಾದ್ ದಾರಿ, 17ರ ಬೆಳಗಿನ ಜಾವಕ್ಕೆ ಬೀದರ್. ಅಂದು ಸಂಜೆಯ ಹೊತ್ತಿಗೆ ನಿಜಾಮರು ಕದನವಿರಾಮ ಒಪ್ಪಿಕೊಂಡರು. ಮಾರನೆಯ ದಿನ ಅವರ ಸೇನಾಪತಿ ಎಲ್ ಎದ್ರೂಸ್, ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಮುಂದೆ ಶರಣಾದರು. ನಡೆಸಿದ್ದು ಸೇನೆಯಾದರೂ ಸರಕಾರ ಅದನ್ನು ಪೊಲೀಸ್ ಆ್ಯಕ್ಷನ್ ಎಂದು ಕರೆಯಿತು. ಹಿರಿಯರ ಬಾಯಲ್ಲಿ ಆ ಹೆಸರೇ ಉಳಿಯಿತು.

ಇದಕ್ಕೆ ಹತ್ತು ವರ್ಷ ಹಿಂದಿನ ಒಂದು ಹಾಡಿನ ಕಥೆಯಿದೆ. ಸಂಸ್ಥಾನದಲ್ಲಿ 53ನೇ ನಂಬರಿನ ಒಂದು ಸುತ್ತೋಲೆ ಇತ್ತು, ಅದರ ಪ್ರಕಾರ ಅಪ್ಪಣೆಯಿಲ್ಲದೆ ಸಭೆ ಸೇರುವಂತಿರಲಿಲ್ಲ. 1938ರ ಕೊನೆಗೆ ಔರಂಗಾಬಾದಿನ ಕಾಲೇಜಿನಲ್ಲಿ, ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ಹುಡುಗರು ಪ್ರಾರ್ಥನೆಯ ಹೊತ್ತಿಗೆ ವಂದೇ ಮಾತರಂ ಹಾಡತೊಡಗಿದರು. ಹಾಡಬಾರದು ಎಂದು ಆಜ್ಞೆಯಾಯಿತು. ಹುಡುಗರು ಕೇಳಲಿಲ್ಲ. ನೂರಾರು ಜನರನ್ನು ಹೊರಹಾಕಿದರು. ಓದು ಅರ್ಧಕ್ಕೆ ನಿಂತವರಿಗೆ ನಾಗಪುರ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು. ಹಾಗೆ ಹೊರಬಿದ್ದವರಲ್ಲಿ ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಒಬ್ಬರು. ರಾಮಚಂದ್ರರಾವ್ ಎಂಬವರಿಗಂತೂ ವಂದೇ ಮಾತರಂ ಎಂಬುದು ಹೆಸರಿನ ಮುಂದೆಯೇ ಅಂಟಿಕೊಂಡಿತು. ಹಾಡಿಗಾಗಿ ಒಂದು ವರ್ಷದ ಓದನ್ನು ಬಿಡುವುದು ಸಣ್ಣ ಮಾತಲ್ಲ. ಮಕ್ಕಳನ್ನು ಹಾಸ್ಟೆಲಿಗೆ ಕಳಿಸಿ ಫೀಸಿಗೆ ಪರದಾಡುವ ತಂದೆತಾಯಂದಿರಿಗೆ ಇದು ಬೇಗ ಅರ್ಥವಾಗುತ್ತದೆ.

ಚಳವಳಿಯ ಮುಂದಾಳಾಗಿದ್ದ ಸ್ವಾಮಿ ರಮಾನಂದ ತೀರ್ಥರನ್ನು ಮರಾಠವಾಡ ತನ್ನವರೆಂದೇ ತಿಳಿದಿದೆ. ಅದು ನ್ಯಾಯವೇ. ಆದರೆ 1903ರಲ್ಲಿ ಅವರು ಹುಟ್ಟಿದ್ದು ಸಿಂದಗಿಯಲ್ಲಿ, ಅಂದರೆ ವಿಜಯಪುರದ ಕಡೆಯ ಕನ್ನಡ ನೆಲದಲ್ಲಿ. ಮನೆಯವರಿಟ್ಟ ಹೆಸರು ವೆಂಕಟೇಶ ಖೇಡಗೀಕರ. ಹಿಪ್ಪರಗಾದಲ್ಲೂ ಅಂಬಾಜೋಗಾಯಿಯಲ್ಲೂ ಮೇಷ್ಟ್ರಾಗಿ ದುಡಿದರು. ಅವರು ಯಾವ ಕಡೆಯವರು ಎಂದು ಕೇಳಿದರೆ ಗಡಿಯ ಜನ ನಗುತ್ತಾರೆ.

ಹಾಡನ್ನು ನಿಲ್ಲಿಸಿದ್ದು ನಿಜಾಮರೊಬ್ಬರೇ ಅಲ್ಲ. ನಮ್ಮ ಧರ್ಮಸಭೆಯ ಪುಟಗಳಲ್ಲೂ ಅಂಥ ಒಂದು ಪ್ರಸಂಗ ಇದೆ, ಮತ್ತು ಅದಕ್ಕೂ ಇದೇ ತಾರೀಕು ಅಂಟಿದೆ. 1179ರ ಸೆಪ್ಟೆಂಬರ್ 17ರಂದು ಜರ್ಮನಿಯ ಬಿಂಗನ್ ಹತ್ತಿರದ ಮಠದಲ್ಲಿ ಸಂತ ಹಿಲ್ಡೆಗಾರ್ಡ್ ತೀರಿಕೊಂಡರು. ವೈದ್ಯ ಗೊತ್ತಿದ್ದವರು, ದರ್ಶನಗಳನ್ನು ಬರೆದವರು, ಎಪ್ಪತ್ತಕ್ಕೂ ಹೆಚ್ಚು ಗೀತೆಗಳಿಗೆ ರಾಗ ಕಟ್ಟಿದವರು. ಅವರ ಕೊನೆಯ ದಿನಗಳಲ್ಲಿ ಒಂದು ತಂಟೆ ಬಂತು. ಧರ್ಮಸಭೆಯಿಂದ ಹೊರಹಾಕಲ್ಪಟ್ಟಿದ್ದನೆನ್ನಲಾದ ಒಬ್ಬ ಯುವಕನ ಶವವನ್ನು ಮಠದ ಸ್ಮಶಾನದಲ್ಲಿ ಹೂಳಲಾಗಿತ್ತು. ಅದನ್ನು ಹೊರತೆಗೆಯಿರಿ ಎಂದು ಮೈನ್ಸ್ ನಗರದ ಧರ್ಮಾಧಿಕಾರಿಗಳು ಆಜ್ಞೆ ಮಾಡಿದರು. ಸಾಯುವ ಮೊದಲು ಅವನು ಪಾಪನಿವೇದನೆ ಮಾಡಿಕೊಂಡು ಸಮಾಧಾನ ಪಡೆದಿದ್ದಾನೆ, ತೆಗೆಯುವುದಿಲ್ಲ ಎಂದರು ಎಂಬತ್ತು ಆಸುಪಾಸಿನ ಆ ತಾಯಿ. ಶಿಕ್ಷೆ ಏನು ಗೊತ್ತೇ? ಮಠದಲ್ಲಿ ಪರಮಪ್ರಸಾದ ನಿಂತಿತು, ಹಾಡು ನಿಂತಿತು. ಕನ್ಯಾಸ್ತ್ರೀಯರು ಪ್ರಾರ್ಥನೆಗಳನ್ನು ಕದ ಮುಚ್ಚಿಕೊಂಡು ಮೆಲುದನಿಯಲ್ಲಿ ಓದಬೇಕಾಯಿತು. ಹಿಲ್ಡೆಗಾರ್ಡ್ ವಿಧೇಯರಾದರು, ಆದರೆ ಸುಮ್ಮನಿರಲಿಲ್ಲ. ಅಧಿಕಾರಿಗಳಿಗೆ ಉದ್ದನೆಯ ಪತ್ರ ಬರೆದು, ಸರಿಯಾದ ಕಾರಣವಿಲ್ಲದೆ ದೇವರ ಸ್ತುತಿಯನ್ನು ನಿಲ್ಲಿಸುವವರಿಗೆ ಸ್ವರ್ಗದ ಗಾಯನದಲ್ಲಿ ಪಾಲು ಸಿಗದು ಎಂದು ಎಚ್ಚರಿಸಿದರು. 1179ರ ಮಾರ್ಚ್‌ನಲ್ಲಿ ನಿಷೇಧ ತೆರವಾಯಿತು. ಅವರಿಗೆ ಉಳಿದದ್ದು ಆರು ತಿಂಗಳು.

ಎಂಟು ಶತಮಾನ ಕಳೆದ ಮೇಲೆ, 1980ರ ದಶಕದಲ್ಲಿ ಅವರ ಗೀತೆಗಳ ಧ್ವನಿಮುದ್ರಿಕೆ ಯುರೋಪಿನ ಅಂಗಡಿಗಳಲ್ಲಿ ಚೆನ್ನಾಗಿ ಮಾರಾಟವಾಯಿತು. 2012ರಲ್ಲಿ ಬೆನೆಡಿಕ್ಟ್ ಜಗದ್ಗುರುಗಳು ಅವರನ್ನು ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿದರು. ನಮ್ಮ ಗಾಯನ ಮಂಡಳಿಯ ಮಕ್ಕಳು ಪಾಲಕಿಯೆಂದು ಸಂತ ಸಿಸಿಲಿಯಾರನ್ನು ನೆನೆಯುತ್ತಾರೆ, ಒಳ್ಳೆಯದೇ. ಹಿಲ್ಡೆಗಾರ್ಡರ ಹೆಸರನ್ನೂ ಒಂದು ಸಲ ಹೇಳಿಕೊಡಬಹುದು.

ಈಗ 1948ರ ಅದೇ ಶುಕ್ರವಾರಕ್ಕೆ ಮರಳೋಣ. ನಿಜಾಮರು ಕದನವಿರಾಮ ಸಾರಿದ ದಿನವೇ ಪವಿತ್ರ ನಾಡಿನ ಜೆರುಸಲೇಮಿನಲ್ಲಿ ವಿಶ್ವಸಂಸ್ಥೆಯ ಸಂಧಾನಕಾರ ಕೌಂಟ್ ಫೋಕೆ ಬರ್ನಾಡೋಟ್ ಗುಂಡಿಗೆ ಬಲಿಯಾದರು. ಎರಡನೇ ಮಹಾಯುದ್ಧದ ಕೊನೆಗೆ ಬಿಳಿ ಬಣ್ಣದ ಬಸ್ಸುಗಳನ್ನು ಕಳಿಸಿ ನಾಜಿ ಶಿಬಿರಗಳಿಂದ ಸಾವಿರಾರು ಕೈದಿಗಳನ್ನು ಬಿಡಿಸಿದ್ದ ಸ್ವೀಡನ್ನಿನವರು. ಕೊಂದದ್ದು ಲೇಹಿ ಎಂಬ ಯಹೂದಿ ಉಗ್ರರ ಗುಂಪು. ಮೂವತ್ತು ವರ್ಷಗಳ ಮೇಲೆ, 1978ರ ಇದೇ ತಾರೀಕಿಗೆ ಈಜಿಪ್ಟಿನ ಸಾದಾತ್, ಇಸ್ರೇಲಿನ ಬೆಗಿನ್ ಅವರು ಅಮೆರಿಕದ ಅಧ್ಯಕ್ಷ ಕಾರ್ಟರ್ ಎದುರಿಗೆ ಕ್ಯಾಂಪ್ ಡೇವಿಡ್ ಒಪ್ಪಂದಕ್ಕೆ ಸಹಿ ಹಾಕಿದರು. ಆ ನಾಡಿನ ಸುದ್ದಿ ಇಂದಿಗೂ ಸಮಾಧಾನ ಕೊಡುವಂತಿಲ್ಲ.

ನಮ್ಮ ನೆಲದಲ್ಲೂ ಹದಿನೇಳಕ್ಕೆ ಎಲ್ಲ ಮುಗಿಯಲಿಲ್ಲ. ಇದನ್ನು ಧ್ವಜಾರೋಹಣದ ಭಾಷಣಗಳಲ್ಲಿ ಕೇಳುವುದು ಅಪರೂಪ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇವೆ. ರಜಾಕಾರರು ಮಾಡಿದ್ದಕ್ಕೆ ಸೇಡು ಅವರಲ್ಲದವರ ಮೇಲೂ ತಿರುಗಿತು. ಪ್ರಧಾನಿ ನೆಹರೂ ಅವರು ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರನ್ನು ನೋಡಿ ಬರಲು ಕಳಿಸಿದರು. 1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಅವರು ಹದಿನಾರರಲ್ಲಿ ಒಂಬತ್ತು ಜಿಲ್ಲೆಗಳನ್ನು ಸುತ್ತಿದರು. ಪೊಲೀಸ್ ಆ್ಯಕ್ಷನ್ನಿನ ಹೊತ್ತಿಗೂ ಅದರ ನಂತರವೂ ಸೇರಿ ಸಂಸ್ಥಾನದಲ್ಲಿ ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಜನ ಸತ್ತಿದ್ದಾರೆ ಎಂಬುದು ಅವರ ಅಂದಾಜು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದರೆ ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ. ಅಂದರೆ ಈಗಿನ ಗಡಿಯ ಎರಡೂ ಬದಿ. ರಜ್ವಿಯ ಊರಾದ ಲಾತೂರಿನಲ್ಲಿ ಇಪ್ಪತ್ತು ದಿನಕ್ಕಿಂತ ಹೆಚ್ಚು ಕಾಲ ಕೊಲೆ ನಡೆಯಿತು, ಸುಮಾರು ಹತ್ತು ಸಾವಿರ ಮುಸಲ್ಮಾನರಿದ್ದ ಕಡೆ ಮೂರು ಸಾವಿರವೂ ಕಷ್ಟದಲ್ಲಿ ಕಂಡರು ಎಂದು ಬರೆದರು. ಸರಕಾರ ಆ ವರದಿಯನ್ನು ಪ್ರಕಟಿಸಲಿಲ್ಲ. ಜನರ ಕೈಗೆ ಅದು ಸಿಗಲು ದಶಕಗಳೇ ಹಿಡಿದವು.

ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಕೆಲವು ಕಡೆ ಹಿಂದೂ ನೇಕಾರರು ತಮ್ಮ ಜೊತೆಯ ಮುಸಲ್ಮಾನ ನೇಕಾರರಿಗೆ ಅಡ್ಡ ನಿಂತು ಕಾಪಾಡಿದರು, ಅದಕ್ಕಾಗಿ ಕೆಲವರು ಪ್ರಾಣವನ್ನೂ ಕೊಟ್ಟರು. ಅಪಹರಣವಾದ ಹೆಂಗಸರನ್ನು ಹುಡುಕಿ ತರಲು ನೆರವಾದ ಹಿಂದೂಗಳು ಬಹಳ ಜನ ಇದ್ದರು. ಗೋರಟಾದ ಸ್ಮಾರಕದ ಮುಂದೆ ತಲೆಬಾಗುವಾಗ ಈ ನೇಕಾರರೂ ನೆನಪಾಗಬೇಕು ಎಂದು ನಮಗನಿಸುತ್ತದೆ. ಅವರ ಹೆಸರಿನಲ್ಲಿ ಯಾವ ಊರಿನಲ್ಲೂ ಧ್ವನಿವರ್ಧಕ ಹಾಕಿದ್ದನ್ನು ನಾವು ಕೇಳಿಲ್ಲ.

ಇನ್ನು ಜನಪ್ರಿಯ ಹಾಡುಗಳಿಗೆ ಬರೋಣ, ಇಲ್ಲದಿದ್ದರೆ ನಮ್ಮ ಕಿರಿಯ ಓದುಗರು ಮುನಿಸಿಕೊಳ್ಳುತ್ತಾರೆ. ಅಮೆರಿಕದ ಹಳ್ಳಿಹಾಡುಗಾರ ಹ್ಯಾಂಕ್ ವಿಲಿಯಮ್ಸ್ ಹುಟ್ಟಿದ್ದು 1923ರ ಸೆಪ್ಟೆಂಬರ್ 17ರಂದು, ಅಲಬಾಮಾದಲ್ಲಿ. 1948ರಲ್ಲಿಯೇ ಹೊರಬಂದ ಅವರ 'ಐ ಸಾ ದ ಲೈಟ್' ಭಕ್ತಿಗೀತೆಯಾಗಿ ದೇವಾಲಯಗಳನ್ನೂ ಹೊಕ್ಕಿತು. ಕುಡಿತ ಮತ್ತು ನೋವಿನ ಔಷಧಗಳು ಸೇರಿ ಇಪ್ಪತ್ತೊಂಬತ್ತಕ್ಕೇ ಅವರ ಆಯುಸ್ಸು ಮುಗಿಯಿತು.

ನಮಗೆ ಹತ್ತಿರದವರು ಹಸರತ್ ಜೈಪುರಿ. ಮುಂಬಯಿಯಲ್ಲಿ ಬಸ್ ಕಂಡಕ್ಟರ್ ಆಗಿದ್ದ ಈ ಉರ್ದು ಕವಿ, ಪೊಲೀಸ್ ಆ್ಯಕ್ಷನ್ ಆದ ಮರುವರ್ಷ, 1949ರಲ್ಲಿ ಬಂದ ರಾಜ್ ಕಪೂರರ 'ಬರ್ಸಾತ್' ಚಿತ್ರದಿಂದ ದೇಶಕ್ಕೆಲ್ಲ ಪರಿಚಿತರಾದರು. ಅದರ ಸಂಗೀತ ಶಂಕರ್–ಜೈಕಿಶನ್ ಅವರದು. ಆ ಜೋಡಿಯ ಶಂಕರ್ ಬೆಳೆದದ್ದು ಹೈದರಾಬಾದಿನಲ್ಲಿ. ಉರ್ದುವಿನಲ್ಲಿ ಓದಿ, ಕನ್ನಡದಲ್ಲೋ ಮರಾಠಿಯಲ್ಲೋ ಜಗಳವಾಡುತ್ತಿದ್ದ ಗಡಿಯ ಹಿರಿಯರಿಗೆ ಆ ಸರಳ ಉರ್ದುವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. 1966ರ 'ಸೂರಜ್' ಚಿತ್ರಕ್ಕೆ ಹಸರತ್ ಬರೆದು ರಫಿ ಹಾಡಿದ, ಹೂ ಸುರಿಸಿರೆಂದು ವಸಂತವನ್ನು ಕರೆಯುವ ಹಾಡನ್ನು ಬ್ಯಾಂಡಿನವರು ಇಂದಿಗೂ ಮದುವೆ ಮೆರವಣಿಗೆಯಲ್ಲಿ ನುಡಿಸುತ್ತಾರೆ. ವರ ಯಾವ ಜಾತಿ, ಯಾವ ಧರ್ಮ ಎಂದು ಆ ಹಾಡು ಕೇಳಿದ್ದಿಲ್ಲ. ಹಸರತ್ ತೀರಿಕೊಂಡದ್ದು 1999ರ ಸೆಪ್ಟೆಂಬರ್ 17ರಂದು.

1956ರ ನವೆಂಬರ್ 1ಕ್ಕೆ ಸಂಸ್ಥಾನ ಮೂರು ಪಾಲಾಯಿತು. ಅಲ್ಲಿಯವರೆಗೆ ಬೀದರ್ ಜಿಲ್ಲೆಗೆ ಸೇರಿದ್ದ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. 1982ರಲ್ಲಿ ಲಾತೂರು ಜಿಲ್ಲೆಯಾದಾಗ ಅದರಲ್ಲಿ ಸೇರಿದವು. ಬೀದರ್, ಭಾಲ್ಕಿ, ಹುಮನಾಬಾದ್ ಮೈಸೂರಿಗೆ ಬಂದವು. ಅಣ್ಣನ ಮನೆ ಆಚೆ, ತಂಗಿಯ ಮನೆ ಈಚೆ. ಆಚೆಯವರಿಗೆ 371(ಜೆ) ವಿಧಿಯಡಿ ಓದಿಗೂ ನೌಕರಿಗೂ ಮೀಸಲಾತಿಯ ಸರ್ಟಿಫಿಕೇಟು ಸಿಗುತ್ತದೆ, ಈಚೆಯ ಕನ್ನಡದವರಿಗೆ ಅದು ಇಲ್ಲ. ಒಂದೇ ದಿನ ಬಿಡುಗಡೆಯಾದ ಒಂದೇ ಜಿಲ್ಲೆಯವರು!

ಪ್ರಿಯ ಓದುಗರೇ, ಪೊಲೀಸ್ ಆ್ಯಕ್ಷನ್ ಹೊತ್ತಿಗೆ ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತೈದು ದಾಟಿದ್ದಾರೆ. ಅಂಥ ಅಜ್ಜಿ, ತಾತ ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದರೆ ಹತ್ತಿರ ಕುಳಿತು ಕೇಳಿ. ಬೀಸುವಾಗ, ನಾಟಿ ಮಾಡುವಾಗ ರಜಾಕಾರರ ಮೇಲೆ ಕಟ್ಟಿದ ಪದ, ಊರು ಬಿಟ್ಟು ಓಡಿದ್ದರ ಪದ, ಪಕ್ಕದ ಮನೆಯವರನ್ನು ಕಣಜದಲ್ಲಿ ಬಚ್ಚಿಟ್ಟದ್ದರ ಪದ, ಯಾವುದಾದರೂ ಸರಿ. ಕನ್ನಡವಾಗಲಿ, ಮರಾಠಿಯಾಗಲಿ, ದಖನಿಯಾಗಲಿ, ಹೇಳಿದಂತೆಯೇ ಬರೆದು, ಹೇಳಿದವರ ಊರಿನ ಹೆಸರು ಸೇರಿಸಿ ಕಳಿಸಿ. ಅಕ್ಷರ ತಪ್ಪಿದರೆ ಚಿಂತೆಯಿಲ್ಲ. ಪದ ಮರೆತು ರಾಗ ಮಾತ್ರ ನೆನಪಿದ್ದರೆ ಮೊಬೈಲಿನಲ್ಲಿ ಹಿಡಿದಿಡಿ.