ಇಂಜೆಕ್ಷನ್ನಿಗಿಂತ ಮೊದಲು ನೆರಳು



ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಹೊರಟು ಹೋಗುತ್ತದೆ ಎನ್ನುತ್ತಾರೆ ಹಿರಿಯರು. ಅಲ್ಲಿಂದ ಮುಂಗಾರು ಹಿಡಿಯುವವರೆಗೆ ನಮ್ಮ ಕೋಲಾರದ ಬಯಲಿನಲ್ಲಿ ಮೂರು ತಿಂಗಳಿಗೂ ಹೆಚ್ಚು ಬಿಸಿಲು. ಈ ತಿಂಗಳುಗಳಲ್ಲಿ ಡೈರಿ ಚೀಟಿಯಲ್ಲಿ ಲೀಟರ್ ಇಳಿಯುತ್ತದೆ, ಫ್ಯಾಟ್ ಇಳಿಯುತ್ತದೆ, ಬೆದೆಗೆ ಬಂದ ಹಸು ಗಬ್ಬ ನಿಲ್ಲುವುದಿಲ್ಲ. ಆಗ ನನಗೆ ಫೋನ್ ಬರುತ್ತದೆ: “ಡಾಕ್ಟ್ರಮ್ಮ, ಹಸು ಮಂಕಾಗಿದೆ, ಬಂದು ಒಂದು ಇಂಜೆಕ್ಷನ್ ಹಾಕಿ.”

ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲಿ ನಾನೂ ಹಾಗೇ ಹಾಕಿದ್ದೆ. ಮಧ್ಯಾಹ್ನ ಎರಡು ಗಂಟೆಗೆ ಒಂದು ಸೀಮೆ ಹಸುವಿಗೆ ಥರ್ಮಾಮೀಟರ್ ಇಟ್ಟರೆ 104 ಡಿಗ್ರಿ. ಜ್ವರವೆಂದು ಇಂಜೆಕ್ಷನ್ ಕೊಟ್ಟೆ. ಸಂಜೆಗೆ ಇಳಿಯಿತು. ಮರುದಿನ ಮಧ್ಯಾಹ್ನ ಮತ್ತೆ 104. ಮೂರನೇ ದಿನ ಹಸುವಿನ ಪಕ್ಕ ನಿಂತಾಗ ನನ್ನ ತಲೆಗೇ ಬೆಂಕಿ ತಾಗಿದ ಹಾಗಾಯಿತು. ಕೈ ಎತ್ತಿದರೆ ಮುಟ್ಟುವಷ್ಟು ಕೆಳಗೆ ತಗಡಿನ ಶೀಟು, ಮೂರು ಕಡೆ ಮುಚ್ಚಿದ ಗೋಡೆ. ಮೂರು ದಿನ ನಾನು ಹಸುವನ್ನು ನೋಡಿದ್ದೆ, ಮಾಡನ್ನು ನೋಡಿರಲಿಲ್ಲ. ಆ ಮನೆಯವರು ಔಷಧಿಗೆ ಕೊಟ್ಟ ದುಡ್ಡು ನನ್ನ ತಪ್ಪಿನ ದುಡ್ಡು.

ಅದಕ್ಕೇ ಈ ಬೇಸಿಗೆಗೆ ಮೊದಲೇ ಒಂದು ಮಾತು ಹೇಳುತ್ತೇನೆ. ಹಾಲಿನ ಬಟವಾಡೆಯಲ್ಲಿ ಹಸುವಿಗೆಂದು ಖರ್ಚು ಮಾಡುವ ಮೊದಲ ದುಡ್ಡು ನೆರಳಿಗೂ ನೀರಿಗೂ ಹೋಗಬೇಕು. ಟಾನಿಕ್ಕು, ಇಂಜೆಕ್ಷನ್ನು, ಇನ್ನೊಂದು ಹಸು, ಎಲ್ಲವೂ ಆಮೇಲೆ.

ಕಾರಣ ಕೇಳಿ. ಹಸುವಿನ ಹೊಟ್ಟೆಯೇ ಒಂದು ಒಲೆ. ತಿಂದ ಮೇವು ಒಳಗೆ ಹುದುಗುವಾಗ ಶಾಖ ಹುಟ್ಟುತ್ತದೆ. ಹೆಚ್ಚು ಹಾಲು ಕೊಡುವ ಹಸು ಹೆಚ್ಚು ತಿನ್ನುತ್ತದೆ, ಅದರ ಒಲೆಯೂ ದೊಡ್ಡದು. ಎಚ್‌ಎಫ್ ತಳಿ ಹಾಲೆಂಡಿನ ಕಡೆಯ ತಣ್ಣನೆಯ ನಾಡಿನದು. ಸುಮಾರು 25 ಡಿಗ್ರಿ ದಾಟಿದರೆ ಅದಕ್ಕೆ ಸೆಕೆ ಶುರು. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ 35 ದಾಟುತ್ತದೆ. ಆಗ ಅದು ಮೇವು ಬಿಡುತ್ತದೆ, ಏದುಸಿರು ಬಿಡುತ್ತದೆ. ಹೊಟ್ಟೆಗೆ ಹುಲ್ಲು ಕಡಿಮೆಯಾದರೆ ಹಾಲೂ ಕಡಿಮೆ, ಫ್ಯಾಟೂ ಕಡಿಮೆ. ದೃಷ್ಟಿ ತಾಗಿದ್ದಲ್ಲ, ಬಿಸಿಲು ತಾಗಿದ್ದು.

ನಮ್ಮ ಸೀಮೆಗೆ ಎರಡು ಅನುಕೂಲಗಳೂ ಇವೆ. ಕೋಲಾರ ಪಟ್ಟಣ ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಎತ್ತರದಲ್ಲಿದೆ. ಹಗಲು ಎಷ್ಟೇ ಸುಟ್ಟರೂ ಬೆಳಗಿನ ಜಾವಕ್ಕೆ ತಣ್ಣಗಾಗುತ್ತದೆ. ಕೊಟ್ಟಿಗೆಯಲ್ಲಿ ಗಾಳಿ ಆಡಿದರೆ ಹಸು ರಾತ್ರಿಯಲ್ಲಿ ಸುಧಾರಿಸಿಕೊಳ್ಳುತ್ತದೆ. ಕಳ್ಳರ ಭಯವಿಲ್ಲದಿದ್ದರೆ ರಾತ್ರಿ ಅಂಗಳದಲ್ಲೇ ಕಟ್ಟಿ. ಇನ್ನೊಂದು, ನಮ್ಮದು ಒಣಗಾಳಿ. ಬೆನ್ನಿಗೆ, ಕತ್ತಿಗೆ ನೀರು ಸುರಿದರೆ ಬೇಗ ಆರಿ ಮೈ ತಂಪಾಗುತ್ತದೆ. ಆದರೆ ಗಾಳಿಯಾಡದ ಕೊಟ್ಟಿಗೆಯಲ್ಲಿ ನೀರು ಸುರಿದರೆ ಉಬ್ಬೆಯಾಗಿ ಇನ್ನಷ್ಟು ಕಷ್ಟ. ಭರಣಿ, ಕೃತ್ತಿಕಾ ಮಳೆ ಒಂದು ಹದ ಬಿದ್ದ ಮರುದಿನ “ಮಳೆ ಬಂತಲ್ಲ, ಇನ್ನೂ ಯಾಕೆ ಏದುತ್ತಿದೆ?” ಎಂದು ಕೇಳುತ್ತೀರಿ. ಗಾಳಿಯಲ್ಲಿ ತೇವ ಏರಿದಾಗ ಮೈಯ ಶಾಖ ಹೊರಹೋಗುವುದಿಲ್ಲ, ಅದಕ್ಕೆ. ಮೊದಲ ಮಳೆ ಬಂದಾಕ್ಷಣ ನೆರಳಿನ ವ್ಯವಸ್ಥೆ ಕಿತ್ತುಹಾಕಬೇಡಿ.

ಊರೂರಲ್ಲಿ ನಾನು ನೋಡುವ ದೊಡ್ಡ ತಪ್ಪು ಒಂದಿದೆ. ಹಾಲು ಕೊಡುವ ಹಸುವನ್ನು ಹೊಂಗೆ ಮರದಡಿ ಕಟ್ಟಿ, ಹಾಲು ಬಿಡಿಸಿದ ತುಂಬು ಗಬ್ಬದ ಹಸುವನ್ನು ಬಿಸಿಲಲ್ಲಿ ಕಟ್ಟುತ್ತೇವೆ. “ಈಗ ಅದು ಹಾಲು ಕೊಡಲ್ಲವಲ್ಲ” ಎಂಬ ಲೆಕ್ಕ. ಈ ಲೆಕ್ಕ ತಲೆಕೆಳಗು. ಮುಂದಿನ ಸೂಲಿನ ಹಾಲಿಗೆ ಕೆಚ್ಚಲು ತಯಾರಾಗುವುದು ಗಬ್ಬದ ಕೊನೆಯ ಎರಡು ತಿಂಗಳಲ್ಲಿ. ಆಗ ಬಿಸಿಲಲ್ಲಿ ಬೆಂದ ಹಸು ಕರು ಹಾಕಿದ ಮೇಲೆ ಎಷ್ಟು ಹಿಂಡಿ ಇಟ್ಟರೂ ಪೂರ್ತಿ ಹಾಲಿಗೆ ಬರುವುದಿಲ್ಲ. ಕರುವೂ ಸಣ್ಣದಾಗಿ ಹುಟ್ಟುತ್ತದೆ. ಆದ್ದರಿಂದ ಮರದ ನೆರಳಲ್ಲಿ ಗಬ್ಬದ ಹಸುವಿಗೂ ಜಾಗ ಮಾಡಿ.

ಇನ್ನು ನೀರು. ಬೇಸಿಗೆಯಲ್ಲಿ ಹಾಲು ಕೊಡುವ ಸೀಮೆ ಹಸು ದಿನಕ್ಕೆ 80ರಿಂದ 100 ಲೀಟರ್ ಕುಡಿಯಬಲ್ಲದು. “ಪದೇ ಪದೇ ನೀರು ಕೊಡಿ” ಎಂದು ನಾವು ಭಾಷಣ ಮಾಡಿ ಬರುತ್ತೇವೆ. ಆ ಬಿಂದಿಗೆ ಹೊರುವ ಸೊಂಟ ನಿಮ್ಮದು. ಹೊಲ, ಅಡುಗೆ, ಮಕ್ಕಳ ಸ್ಕೂಲು ಎಲ್ಲದರ ಮಧ್ಯೆ ಇನ್ನೂ ನಾಲ್ಕು ಸಲ ಹೊರಿ ಎಂದು ಹೇಳಲು ನನಗೆ ನಾಚಿಕೆ. ಕೊಟ್ಟಿಗೆಯ ಪಕ್ಕ ನೆರಳಲ್ಲಿ ಒಂದು ತೊಟ್ಟಿ, ಅದಕ್ಕೆ ಬೋರಿನಿಂದಲೋ ಟ್ಯಾಂಕಿನಿಂದಲೋ ಒಂದು ಪೈಪು. ಇದು ಮನೆಯ ಗಂಡಸರು ಒಂದು ದಿನ ಕೂತು ಮಾಡುವ ಕೆಲಸ. ಹಾಲಿನ ದುಡ್ಡು ಬೀಳುವುದು ನಿಮ್ಮ ಖಾತೆಗೆ, ಕೊಟ್ಟಿಗೆ ಹೇಗಿರಬೇಕೆಂದು ತೀರ್ಮಾನಿಸುವವರು ಮಾತ್ರ ಬೇರೆಯವರು. ಈ ಬೇಸಿಗೆಯಲ್ಲಿ ಇದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿ.

“ಹಸು ತಂದರೆ ಹಾಲು ಕಾಣುತ್ತೆ, ಮಾಡು ಹಾಕಿದರೆ ಏನು ಕಾಣುತ್ತೆ?” ಎಂದು ಅವರು ಕೇಳಬಹುದು. ಹೋದ ಜನವರಿಯ ಚೀಟಿಯನ್ನೂ ಹೋದ ಏಪ್ರಿಲ್ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಸೂಲು ಹಳೆಯದಾಗಿ ಇಳಿದದ್ದು ಸ್ವಲ್ಪ ಇರಬಹುದು, ಉಳಿದದ್ದು ಬಿಸಿಲು ಕುಡಿದ ಹಾಲು. ಇರುವ ಎರಡಕ್ಕೇ ನೆರಳಿಲ್ಲದ ಮನೆಗೆ ಮೂರನೇ ಹಸು ತಂದರೆ ಸಾಲ ಮಾತ್ರ ಹೆಚ್ಚುತ್ತದೆ.

ದೊಡ್ಡ ಖರ್ಚೇ ಬೇಕೆಂದಿಲ್ಲ. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ, ಇಲ್ಲವೇ ಗಟ್ಟಿಯಾಗಿ ಸುಣ್ಣ ಬಳಿಯಿರಿ. ಮುಚ್ಚಿದ ಗೋಡೆಯಲ್ಲಿ ಒಂದನ್ನಾದರೂ ಅರ್ಧಕ್ಕೆ ತೆಗೆಸಿ. ಮೇವಿನ ಹೆಚ್ಚು ಪಾಲನ್ನು ಬೆಳಗಿನ ಜಾವ ಮತ್ತು ರಾತ್ರಿ ಹಾಕಿ, ಒಲೆ ಉರಿಯುವ ಹೊತ್ತು ತಣ್ಣನೆಯ ಹೊತ್ತಾಗಲಿ. ಬೆದೆಯನ್ನೂ ರಾತ್ರಿ, ಬೆಳಗಿನ ಜಾವ ಎದ್ದು ನೋಡಿ, ಬೇಸಿಗೆಯಲ್ಲಿ ಅದು ಹಗಲು ಕಾಣಿಸದೆ ಹೋಗುತ್ತದೆ.

ಹಾಗೆಂದು ಎಲ್ಲವೂ ಬಿಸಿಲಿನದಲ್ಲ. ಉಣ್ಣೆಯಿಂದ ಬರುವ ಜ್ವರವೂ ಬೇಸಿಗೆಯದೇ. ಬೆಳಗಿನ ಐದು ಗಂಟೆಯ ತಂಪಿನಲ್ಲೂ ಮೈ ಸುಡುತ್ತಿದ್ದರೆ ಅದು ಕಾಯಿಲೆ, ಕೂಡಲೇ ಫೋನ್ ಮಾಡಿ. ಮಧ್ಯಾಹ್ನ ಹಸುವಿನ ಪಕ್ಕೆ ನೋಡುತ್ತಾ ಒಂದು ನಿಮಿಷ ಉಸಿರು ಎಣಿಸಿ. 60 ದಾಟಿದರೆ ಅದಕ್ಕೆ ಕಷ್ಟವಾಗುತ್ತಿದೆ. ಬಾಯಿ ತೆರೆದು ಜೊಲ್ಲು ಸುರಿಸುತ್ತಿದ್ದರೆ ಮೊದಲು ನೆರಳಿಗೆ ತಂದು ತಲೆಗೆ, ಮೈಗೆ ನೀರು ಹಾಕಿ, ಆಮೇಲೆ ನನ್ನನ್ನು ಕರೆಯಿರಿ. ನಾನು ಬರುವವರೆಗೆ ಕಾಯಬೇಡಿ.

ನಾಳೆ ಮಧ್ಯಾಹ್ನ ಎರಡು ಗಂಟೆಗೆ ನಿಮ್ಮ ಕೊಟ್ಟಿಗೆಯೊಳಗೆ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ, ಮನೆಯವರನ್ನೂ ನಿಲ್ಲಿಸಿ. ನಿಮಗೆ ನಿಲ್ಲಲು ಆಗದಿದ್ದರೆ ಹಗ್ಗ ಕಟ್ಟಿಸಿಕೊಂಡು ಇಡೀ ದಿನ ನಿಂತಿರುವ ಹಸುವಿಗೂ ಆಗುವುದಿಲ್ಲ.