ಗುಂಡಿ ಲೆಕ್ಕದ ಕಾಡು

ಕಾಡಂಚಿನ ಯಾವ ರಸ್ತೆಗಾದರೂ ಹೋಗಿ, ಹಸಿರು ಬಣ್ಣ ಬಳಿದ ಒಂದು ಬೋರ್ಡು ನಿಂತಿರುತ್ತದೆ. ನೆಡುತೋಪಿನ ವರ್ಷ ಇಂಥದ್ದು, ವಿಸ್ತೀರ್ಣ ಇಷ್ಟು ಹೆಕ್ಟೇರು, ಸಸಿಗಳ ಸಂಖ್ಯೆ ಇಷ್ಟು, ಯೋಜನೆಯ ಹೆಸರು ಇಂಥದ್ದು. ಬಸ್ಸು ತಪ್ಪಿದರೂ ಸರಿ, ಇವನ್ನು ನಿಂತು ಓದುವ ಚಾಳಿ ನನಗೆ. ಎಷ್ಟು ಗುಂಡಿ ತೋಡಿದರು ಎಂಬ ಲೆಕ್ಕ ಅಲ್ಲಿ ಪಕ್ಕಾ ಇರುತ್ತದೆ. ತೋಡುವ ಮುಂಚೆ ಅಲ್ಲಿ ಯಾರ ದನ ಮೇಯುತ್ತಿದ್ದವು, ಯಾರ ಮನೆದೇವರು ಯಾವ ಮರದ ಬುಡದಲ್ಲಿ ಕೂತಿದ್ದ ಎಂಬುದಕ್ಕೆ ಆ ತಗಡಿನಲ್ಲಿ ಜಾಗವಿಲ್ಲ.

ಜಾಗ ಇರುವುದೂ ಸಾಧ್ಯವಿಲ್ಲ. ಯಾಕೆಂದರೆ ಕಾಡು ಉಳಿಸುವ ಅನುದಾನದ ಅರ್ಜಿ ಹುಟ್ಟುವುದೇ ಒಂದು ಸುಳ್ಳಿನಿಂದ. ಈ ನೆಲ ಖಾಲಿ ಬಿದ್ದಿದೆ, ಕೆಟ್ಟಿದೆ, ಕೆಡಿಸಿದವರು ಅಲ್ಲೇ ಗುಡಿಸಲು ಹಾಕಿಕೊಂಡಿದ್ದಾರೆ. ಇಷ್ಟು ಬರೆಯದೆ ಕೋಟಿಗಳು ಕದಲುವುದಿಲ್ಲ. ಊರವರು ಗೋಮಾಳ ಎನ್ನುವುದನ್ನು ಕಡತ ಬಂಜರು ಎನ್ನುತ್ತದೆ. ಹುಲ್ಲು ಕಾಣದ ಕಣ್ಣಿಗೆ ಹುಲ್ಲುಗಾವಲೆಲ್ಲ ಬೋಳು!

ಹಾನಗಲ್ ಸೀಮೆಯ ಕುಸನೂರಿನವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. 1984ರಲ್ಲಿ ಸರ್ಕಾರದ ಅರಣ್ಯ ನಿಗಮವೂ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೂ ಪಾಲುದಾರರಾಗಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿದವು. ಅದಕ್ಕೆ ಗೊತ್ತುಮಾಡಿದ್ದು ಸುಮಾರು 30,000 ಹೆಕ್ಟೇರು ಜನರ ನೆಲ. ನೆಡುವುದು ನೀಲಗಿರಿ, ಹೋಗುವುದು ಕಾರ್ಖಾನೆಯ ಹೊಟ್ಟೆಗೆ, ಮೇಲೆ ಅಂಟಿಸುವ ಚೀಟಿ ಮಾತ್ರ ಅರಣ್ಯೀಕರಣ. ಶಿವರಾಮ ಕಾರಂತರು ಸಮಾಜ ಪರಿವರ್ತನ ಸಮುದಾಯದ ಜೊತೆ ಸೇರಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಊರವರು ಕೋರ್ಟನ್ನು ಕಾಯುತ್ತ ಕೂರಲಿಲ್ಲ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಸಾವಿರಾರು ಜನ ಸೇರಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಮಾಡಿದರು. ಸುಮಾರು ನೂರು ನೀಲಗಿರಿ ಸಸಿ ಕಿತ್ತರು, ಅದೇ ಜಾಗದಲ್ಲಿ ಹಣ್ಣಿಗೆ, ಮೇವಿಗೆ ಆಗುವ ಗಿಡ ಹಚ್ಚಿದರು. ಆವಾಸ ಮರುಸ್ಥಾಪನೆ ಎಂದು ಈಗ ದೊಡ್ಡ ದೊಡ್ಡ ಹೋಟೆಲುಗಳ ಸಭೆಯಲ್ಲಿ ಮಾತಾಡುತ್ತಾರಲ್ಲ, ಅದನ್ನು ಹಾನಗಲ್ಲಿನ ಆ ಜನ ಬುತ್ತಿ ಕಟ್ಟಿಕೊಂಡು ಬಂದು ಒಂದು ಹಗಲಿನಲ್ಲಿ ತೋರಿಸಿಕೊಟ್ಟರು. ನೀಲಗಿರಿ ನೆಡಬಾರದೆಂದು ಸರ್ಕಾರಕ್ಕೆ ಜ್ಞಾನೋದಯವಾದದ್ದು 2017ರಲ್ಲಿ. ಮೂವತ್ತು ವರ್ಷ ತಡ. ಅಷ್ಟರಲ್ಲಿ ಕೋಲಾರದ ಬೋರ್‌ವೆಲ್‌ಗಳು ಎಷ್ಟು ಆಳಕ್ಕಿಳಿದಿದ್ದವು ಎಂದು ಅಲ್ಲಿಯ ರೈತರನ್ನೇ ಕೇಳಬೇಕು.

ಕುಸನೂರಿನಲ್ಲಿ ಎದುರಿಗಿದ್ದದ್ದು ಕಾರ್ಖಾನೆ, ಬೈಯುವುದು ಸುಲಭ. ಪರದೇಶದ ದಾನಿ ಹುಲಿಯ ಚಿತ್ರ ಹಿಡಿದು ಬಂದಾಗ ಬೈಯುವ ಬಾಯಿಗೂ ಬೀಗ ಬೀಳುತ್ತದೆ. 1996ರಲ್ಲಿ ವಿಶ್ವಬ್ಯಾಂಕಿನ ಪರಿಸರಾಭಿವೃದ್ಧಿ ಯೋಜನೆ ಬಂತು. ದೇಶದ ಏಳು ಅಭಯಾರಣ್ಯಗಳಿಗೆ ಒಟ್ಟು 6.7 ಕೋಟಿ ಡಾಲರ್. ಅದರಲ್ಲಿ 2 ಕೋಟಿ ಜಾಗತಿಕ ಪರಿಸರ ನಿಧಿಯ ಅನುದಾನ. ಏಳರಲ್ಲಿ ಒಂದು ನಮ್ಮ ನಾಗರಹೊಳೆ. ಅಲ್ಲಿ ಆದಿವಾಸಿಗಳ ಹಾಡಿಗಳಿದ್ದವು. ಹಾಡಿಗಳಲ್ಲಿ ಜೇನು ಕುರುಬರು, ಬೆಟ್ಟ ಕುರುಬರು, ಯರವರು. ಕಡತದ ಪ್ರಕಾರ ಅವರಲ್ಲಿ ಹೆಚ್ಚಿನವರು ಕಾಡು ಬಿಟ್ಟು ಹೊರಡಲು ತುದಿಗಾಲಲ್ಲಿ ನಿಂತಿದ್ದರು. ಯಾರು ಹೇಳಿದ್ದು? ಯಾರನ್ನು ಕೇಳಿ ಬರೆದದ್ದು?

ಹಾಡಿಯವರು ಸುಮ್ಮನಿರಲಿಲ್ಲ. ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿ 1998ರಲ್ಲಿ ವಿಶ್ವಬ್ಯಾಂಕಿನದೇ ತಪಾಸಣಾ ಸಮಿತಿಗೆ ದೂರು ಕೊಟ್ಟಿತು. ಸಮಿತಿ ಬಂದು ನೋಡಿತು, ಪೂರ್ಣ ತನಿಖೆ ಆಗಬೇಕು ಎಂದು ಬರೆಯಿತು. ವಾಷಿಂಗ್ಟನ್ನಿನ ಮಂಡಳಿ ಬೇಡ ಎಂದಿತು. ಸಾಲ ಕೊಡುವವನೇ ನ್ಯಾಯಾಧೀಶನಾದರೆ ತೀರ್ಪು ಇನ್ನು ಹೇಗಿರಬೇಕು?

ಅದೇ ವರ್ಷಗಳಲ್ಲಿ ಅದೇ ನಾಗರಹೊಳೆಯ ಒಳಗೆ ತಾಜ್ ಹೋಟೆಲಿನವರಿಗೆ ವಸತಿಗೃಹ ನಡೆಸಲು ಅರಣ್ಯದ ಕಟ್ಟಡಗಳನ್ನು ಗುತ್ತಿಗೆಗೆ ಕೊಟ್ಟಿದ್ದರು. ಆದಿವಾಸಿಗಳು ಬೀದಿಗಿಳಿದು ಹೋರಾಡಿದ ಮೇಲೆ, 1997ರಲ್ಲಿ ಹೈಕೋರ್ಟು ಇದು ಅರಣ್ಯ ಕಾಯ್ದೆಗೆ ವಿರುದ್ಧ ಎಂದಿತು. ಜೇನು ಕೀಳುವವನ ಒಲೆಯ ಹೊಗೆಯಿಂದ ಹುಲಿಗೆ ತೊಂದರೆ. ಹೋಟೆಲಿನ ಅಡುಗೆಮನೆಯ ಹೊಗೆ ಹುಲಿಗೆ ಪರಿಮಳ! ಹೈಕೋರ್ಟು ನೇಮಿಸಿದ ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ಈ ಭಾಗದ ಕಾಡುಗಳಿಂದ ಹೊರಬಿದ್ದ 3,418 ಕುಟುಂಬಗಳನ್ನು ಅದು ಗುರುತಿಸಿತು. ಸಸಿಗಳನ್ನು ಎಣಿಸುವ ನಾಡಿನಲ್ಲಿ ಮನುಷ್ಯರನ್ನು ಎಣಿಸಲು ಕೋರ್ಟಿನ ಆಜ್ಞೆ ಬೇಕಾಯಿತು.

ಬಿಳಿಗಿರಿರಂಗನ ಬೆಟ್ಟದ ಕಥೆ ಇದಕ್ಕಿಂತ ಉರಿಸುತ್ತದೆ. ಸೋಲಿಗರಲ್ಲಿ ತರಗು ಬೆಂಕಿ ಎಂಬ ಪದ್ಧತಿಯಿತ್ತು. ವರ್ಷದ ಆರಂಭದಲ್ಲಿ, ಬಿಸಿಲು ಬಲಿಯುವ ಮುಂಚೆ, ನೆಲದ ಒಣ ತರಗಿಗಷ್ಟೇ ತಗುಲುವ ಸಣ್ಣ ಬೆಂಕಿ. ಅದು ಮರ ಸುಡುವುದಿಲ್ಲ, ಲಂಟಾನದ ಎಳೆ ಸಸಿಯನ್ನು ಸುಡುತ್ತದೆ, ಹುಲ್ಲಿಗೆ ದಾರಿ ಬಿಡುತ್ತದೆ. 1974ರಲ್ಲಿ ಅಭಯಾರಣ್ಯವಾಯಿತು. ಸೋಲಿಗರನ್ನು ಕಾಡೊಳಗಿಂದ ಎಬ್ಬಿಸಿ ಪೋಡು ಎಂಬ ವಸತಿಗಳಲ್ಲಿ ಕೂರಿಸಿದರು. ತರಗು ಬೆಂಕಿ ಅಪರಾಧವಾಯಿತು. ಆಮೇಲೆ ಏನಾಯಿತು? ಬ್ರಿಟಿಷರು ತೋಟದ ಅಂದಕ್ಕೆಂದು ತಂದ ಆ ಮುಳ್ಳುಗಿಡ ಲಂಟಾನ ಬೆಟ್ಟವನ್ನೇ ನುಂಗಿತು. ಜಿಂಕೆಗೆ ಹುಲ್ಲಿಲ್ಲ, ನೆಲ್ಲಿಯ ಸಸಿ ಮೇಲೇಳಲು ಬೆಳಕಿಲ್ಲ. ಬೇಸಿಗೆಯಲ್ಲಿ ಹತ್ತುವ ಬೆಂಕಿ ಈಗ ತರಗಿನಲ್ಲಿ ನಿಲ್ಲುವುದಿಲ್ಲ, ಲಂಟಾನದ ಮೆಳೆ ಹಿಡಿದು ಮರದ ತಲೆಗೇರುತ್ತದೆ.

ಈಗ ಲಂಟಾನ ಕೀಳಲು ಯೋಜನೆ, ಯೋಜನೆಗೆ ಹಣ, ಹಣಕ್ಕೆ ವರದಿ, ವರದಿಗೆ ತಜ್ಞ. ಗುದ್ದಲಿ ಹಿಡಿದು ಕೀಳುವವನು ಮಾತ್ರ ಆದಿವಾಸಿಯೇ, ದಿನಗೂಲಿಗೆ. ಒಂದು ಬೆಂಕಿಕಡ್ಡಿಯಲ್ಲಿ ಅಜ್ಜ ಮಾಡುತ್ತಿದ್ದ ಕೆಲಸಕ್ಕೆ ಮೊಮ್ಮಗ ಮಸ್ಟರ್ ರೋಲಿನಲ್ಲಿ ಹೆಬ್ಬೆಟ್ಟು ಒತ್ತಬೇಕು. (2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ಲಂಟಾನದ ಕಡ್ಡಿಯಿಂದ ಹೆಣೆದ ಆನೆಗಳ ಹಿಂಡೇ ನಿಂತಿತ್ತು, ಹೆಣೆದವರು ನೀಲಗಿರಿ ಸೀಮೆಯ ಆದಿವಾಸಿಗಳು. ಅವರಿಗೆ ಕೂಲಿ ಸಿಕ್ಕಿತು, ಅದನ್ನು ನಾನು ಹಳಿಯಲಾರೆ. ಆದರೂ ಆ ಚಿತ್ರ ನೋಡಿದಾಗಲೆಲ್ಲ ಹೊಟ್ಟೆಯೊಳಗೆ ಏನೋ ತಿರುಚುತ್ತದೆ.)

2011ರಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾಗೆ ಸಿಕ್ಕಿದ್ದು ದೇಶದಲ್ಲೇ ಮೊದಲು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸ್ಪಷ್ಟವಾಗಿ ಬರೆದಿದೆ: ಕಾಡನ್ನು ಕಾಯುವ, ಮತ್ತೆ ಬೆಳೆಸುವ ಹಕ್ಕು ಅಲ್ಲಿಯ ಸಮುದಾಯದ್ದು. ಸರಿ, ಹಾಗಾದರೆ ಕಾಡು ಬೆಳೆಸುವ ದುಡ್ಡು ಯಾರ ಖಾತೆಗೆ ಹೋಗಬೇಕು? ಎರಡನೇ ಕ್ಲಾಸಿನ ಮಗುವೂ ಗ್ರಾಮಸಭೆ ಎಂದೀತು. ಹೋಗುತ್ತಿರುವುದು ಇಲಾಖೆಗೆ.

ಗಣಿಗೆ, ಅಣೆಕಟ್ಟಿಗೆ, ಹೆದ್ದಾರಿಗೆ ಕಾಡು ಕೊಟ್ಟಾಗಲೆಲ್ಲ ಕಂಪನಿಯಿಂದ ಪರಿಹಾರ ಕಟ್ಟಿಸಿಕೊಳ್ಳುತ್ತಾರೆ. ಅದೇ ಕ್ಯಾಂಪಾ ನಿಧಿ. 2008ರ ದರದಲ್ಲಿ ಒಂದು ಹೆಕ್ಟೇರು ಕಾಡಿನ ಬೆಲೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ ಇತ್ತು. ಬೆಂಗಳೂರಿನಲ್ಲಿ ಆ ದುಡ್ಡಿಗೆ ಒಂದು ಸೈಟಿನ ಮೂಲೆ ಸಿಕ್ಕೀತೇ? 2016ರಲ್ಲಿ ಇದಕ್ಕೆ ಕಾಯ್ದೆ ಬಂದಾಗ, ಗಿಡ ನೆಡುವ ಮುಂಚೆ ಗ್ರಾಮಸಭೆಯ ಒಪ್ಪಿಗೆ ಕಡ್ಡಾಯ ಮಾಡಿ ಎಂದು ರಾಜ್ಯಸಭೆಯಲ್ಲಿ ಗಲಾಟೆಯಾಯಿತು. ನಿಯಮ ಮಾಡುವಾಗ ನೋಡಿಕೊಳ್ಳುತ್ತೇವೆ ಎಂದಿತು ಸರ್ಕಾರ. 2018ರಲ್ಲಿ ನಿಯಮ ಬಂತು. ಒಪ್ಪಿಗೆ ಇರಬೇಕಿದ್ದ ಜಾಗದಲ್ಲಿ ಸಮಾಲೋಚನೆ ಎಂಬ ಪದ ಕೂತಿತ್ತು. ಮರುವರ್ಷ ರಾಜ್ಯಗಳಿಗೆ ಒಟ್ಟಿಗೇ 47,000 ಕೋಟಿ ರೂಪಾಯಿಗೂ ಹೆಚ್ಚು ಹಂಚಿದರು. ಆ ದುಡ್ಡಿನ ಬೇರು ಯಾವುದು ಗೊತ್ತಲ್ಲ? ಕಡಿದ ಕಾಡು. ಹೆಚ್ಚು ಕಡಿದಷ್ಟೂ ಹೆಚ್ಚು ಹಸಿರು ಬಜೆಟ್ಟು.

ಗ್ರೇಟ್ ನಿಕೋಬಾರಿನಲ್ಲಿ ಬಂದರು, ವಿಮಾನ ನಿಲ್ದಾಣ ಕಟ್ಟಲು ಸುಮಾರು 130 ಚದರ ಕಿಲೋಮೀಟರ್ ಮಳೆಕಾಡು ಕೊಡುತ್ತಿದ್ದಾರೆ. ಅದಕ್ಕೆ ಬದಲಿ ಕಾಡು ಬೆಳೆಸಲು ಗೊತ್ತುಮಾಡಿದ್ದು ಹರಿಯಾಣದಲ್ಲಿ. ಸಮುದ್ರ ದಾಟಿ, ಎರಡು ಸಾವಿರ ಕಿಲೋಮೀಟರಿಗೂ ಆಚೆ! ಆ ದ್ವೀಪದ ಶೋಂಪೆನ್ ಜನ ಬೇಟೆಗೆ ಹರಿಯಾಣಕ್ಕೆ ಹೋಗಬೇಕೇನು? ಕಡಲಾಮೆ ಮೊಟ್ಟೆ ಇಡಲು ಗುರುಗ್ರಾಮದ ರಸ್ತೆ ಹಿಡಿಯಬೇಕೇನು?

ನಾವು ಬರೆಯುವವರೂ ಕಡಿಮೆಯಿಲ್ಲ. ಜೂನ್ 5 ಬಂತೆಂದರೆ ಇಸ್ತ್ರಿ ಹಾಕಿದ ಜುಬ್ಬಾ ತೊಟ್ಟು, ಯಾರೋ ತೋಡಿಟ್ಟ ಗುಂಡಿಗೆ ಸಸಿ ಇಳಿಸಿ ಫೋಟೋಕ್ಕೆ ನಿಲ್ಲುತ್ತೇವೆ. ನಾನೂ ನಿಂತಿದ್ದೇನೆ. ಕಳೆದ ಸಲ ನಿಂತ ಗುಂಡಿಯಲ್ಲೇ ಈ ಸಲವೂ ನಿಂತಿದ್ದೆ ಎಂದು ನೀರು ಹೊತ್ತು ತಂದ ಹೆಣ್ಣುಮಗಳು ನಗುತ್ತ ಹೇಳಿದಳು.

2025ರ ಮೇ ತಿಂಗಳಲ್ಲಿ, ದಶಕಗಳ ಹಿಂದೆ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಯಿಂದ ಹೊರಬಿದ್ದಿದ್ದ ಐವತ್ತಕ್ಕೂ ಹೆಚ್ಚು ಜೇನು ಕುರುಬ ಕುಟುಂಬಗಳು ತಮ್ಮ ಹಿರಿಯರ ಜಾಗಕ್ಕೆ ಮರಳಿ ನಡೆದವು. ಯಾವ ದಾನಿಯೂ ಅವರಿಗೆ ದುಡ್ಡು ಕೊಟ್ಟಿರಲಿಲ್ಲ. ಎದುರಿಗೆ ಗಾರ್ಡುಗಳು, ಪೊಲೀಸರು. ಇವರು ಅಲ್ಲೇ ಗುಡಿಸಲು ಕಟ್ಟಲು ನಿಂತರು. ಕಂಬ ನಿಲ್ಲಿಸಲು ತೋಡಿದ ಗುಂಡಿಗಳು ಎಷ್ಟೆಂದು ಯಾವ ಬೋರ್ಡಿನಲ್ಲೂ ಬರೆದಿಲ್ಲ.